ಸುರಕ್ಷಿತವಾಗಿ ಕಾಡಿಗೆ ಬಿಡಲಾಯಿತು

ಬೆಂಗಳೂರಿನ ಹೊರವಲಯದ ಯಾವ ಬಡಾವಣೆಯಲ್ಲಿ ಹಾವು ಕಂಡರೂ ಮರುದಿನದ ಸುದ್ದಿ ಒಂದೇ ವಾಕ್ಯಕ್ಕೆ ಬಂದು ನಿಲ್ಲುತ್ತದೆ: "ಹಾವನ್ನು ಹಿಡಿದು ಸುರಕ್ಷಿತವಾಗಿ ಕಾಡಿಗೆ ಬಿಡಲಾಯಿತು." ವಾಕ್ಯದಲ್ಲಿ ಹಾವು ಇದೆ, ಕಾಡು ಇದೆ, ಸುರಕ್ಷಿತ ಎಂಬ ಮಾತೂ ಇದೆ. ಯಾರಿಗೆ ಸುರಕ್ಷಿತ ಎಂಬುದು ಮಾತ್ರ ಇಲ್ಲ. ಜೊತೆಗೊಂದು ಫೋಟೊ. ಒಂದು ಕೈಯಲ್ಲಿ ಬಾಲ, ಇನ್ನೊಂದರಲ್ಲಿ ಕೊಕ್ಕೆ, ಹಿನ್ನೆಲೆಯಲ್ಲಿ ಡಿಕ್ಕಿ ತೆರೆದ ಕಾರು.

ನಮ್ಮ ಕಲ್ಪನೆಯಲ್ಲಿ ಕಾಡೆಂದರೆ ದೊಡ್ಡದೊಂದು ಧರ್ಮಛತ್ರ. ಕೋಣೆಗಳು ಖಾಲಿ ಬಿದ್ದಿವೆ, ಊಟ ಪುಕ್ಕಟೆ, ಬಂದವರಿಗೆಲ್ಲ ಚಾಪೆ ಹಾಸಿಕೊಡಲು ಯಾರೋ ಬಾಗಿಲಲ್ಲೇ ಕಾದು ನಿಂತಿದ್ದಾರೆ. ಹಾವಿಗೆ ಅಲ್ಲಿ ಬಂಧುಬಳಗ ಉಂಟು ಎಂಬ ನಂಬಿಕೆಯೂ ಇದ್ದೀತು. ಹಾವೆಂಬ ಹಾವೆಲ್ಲ ಒಂದೇ ಕುಲ ತಾನೆ?

ಬಡಾವಣೆಯನ್ನೇ ಸ್ವಲ್ಪ ನೋಡೋಣ. 30ಕ್ಕೆ 40ರ ನಾಲ್ಕು ಖಾಲಿ ಸೈಟು, ಪಕ್ಕದಲ್ಲಿ ರಾಜಕಾಲುವೆ, ಮೂಲೆಯಲ್ಲಿ ಲಂಟಾನ, ಯಾರೋ ರಾತ್ರೋರಾತ್ರಿ ಸುರಿದು ಹೋದ ಮುರುಕು ಇಟ್ಟಿಗೆ, ಅದರ ಮೇಲೆ ಹೋಟೆಲಿನ ಎಂಜಲು. ಇಷ್ಟು ಜಾಗದಲ್ಲಿ ಏಳೆಂಟು ಜಾತಿಯ ಹಾವುಗಳು ಸಂಸಾರ ಮಾಡಬಲ್ಲವು. ಕಾಲುವೆಯ ನೀರೊಳ್ಳೆಗೆ ಮೀನು, ಕಪ್ಪೆ. ಬೇಲಿಯ ಹಸಿರು ಹಾವಿಗೆ ಓತಿಕ್ಯಾತ. ಕಾಂಪೌಂಡಿನ ಬಿರುಕಿನಲ್ಲಿರುವ ತೋಳಹಾವು ರಾತ್ರಿ ಹೊರಬಂದು ಟ್ಯೂಬ್‌ಲೈಟಿನ ಬುಡದ ಹಲ್ಲಿ ಹಿಡಿಯುತ್ತದೆ. ಹೂಕುಂಡದ ಮಣ್ಣಿನಲ್ಲಿ ಎರೆಹುಳುವಿನಷ್ಟೇ ಗಾತ್ರದ ಹುಳಹಾವು. ಅದಕ್ಕೆ ಇರುವೆ, ಗೆದ್ದಲುಗಳ ಮೊಟ್ಟೆ ಮರಿ ಸಾಕು. ಈ ಹುಳಹಾವುಗಳಲ್ಲಿ ಎಲ್ಲವೂ ಹೆಣ್ಣು, ಗಂಡಿನ ಹಂಗಿಲ್ಲದೆ ಮೊಟ್ಟೆ ಇಡುತ್ತವೆ. ಕ್ಷೇಮಾಭಿವೃದ್ಧಿ ಸಂಘದ ಸದಸ್ಯತ್ವಕ್ಕೆ ಅರ್ಜಿ ಹಾಕಿದರೆ 'ಪತಿಯ ಹೆಸರು' ಎಂಬ ಕಾಲಂ ಖಾಲಿ ಉಳಿದೀತು.

ಇನ್ನು ಇಲಿ. ಇಲ್ಲಿಯೇ ಪೈಪೋಟಿ ಇರಬೇಕಿತ್ತು, ಏಕೆಂದರೆ ಕೇರೆ, ನಾಗರ, ಕೊಳಕುಮಂಡಲ, ಕಟ್ಟುಹಾವು ನಾಲ್ಕಕ್ಕೂ ಇಲಿ ಆಗುತ್ತದೆ. ಆದರೆ ಪಾಳಿ ಬೇರೆ, ಪಟ್ಟು ಬೇರೆ. ಕೇರೆಯದು ಹಗಲು ಪಾಳಿ. ಬಿಲದಿಂದ ಬಿಲಕ್ಕೆ ನುಗ್ಗಿ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ನಾಗರ ಹೆಚ್ಚಾಗಿ ಮುಸ್ಸಂಜೆಗೆ ಹೊರಡುತ್ತದೆ, ಇಲಿ ಸಿಗದಿದ್ದರೆ ಕಪ್ಪೆ, ಅದೂ ಇಲ್ಲದಿದ್ದರೆ ಹಕ್ಕಿಯ ಮೊಟ್ಟೆ. ಕೊಳಕುಮಂಡಲ ಎಲ್ಲಿಗೂ ಹೊರಡುವುದಿಲ್ಲ. ಇಲಿ ದಿನವೂ ಓಡಾಡಿ ಸವೆಸಿದ ಹಾದಿಯ ಪಕ್ಕ, ತರಗೆಲೆಯ ಬಣ್ಣದಲ್ಲಿ ಬೆರೆತು, ಗಂಟೆಗಟ್ಟಲೆ ಅಲುಗಾಡದೆ ಕೂರುತ್ತದೆ. ಕಟ್ಟುಹಾವು ನಡುರಾತ್ರಿಯದು, ಬೇರೆ ಹಾವುಗಳನ್ನೂ ತಿನ್ನುತ್ತದೆ, ಸ್ವಜಾತಿಯ ಚಿಕ್ಕದು ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಕೊಳಕುಮಂಡಲ ಒಂದು ಹೆರಿಗೆಯಲ್ಲಿ 20–40 ಮರಿ ಹಾಕುವುದುಂಟು, ಒಂದೊಂದೂ ಹೆಚ್ಚುಕಡಿಮೆ ಗೇಣುದ್ದ. ಅವುಗಳ ಬಾಯಿಗೆ ಇಲಿ ಹಿಡಿಸದು, ಹಲ್ಲಿಯೇ ಗತಿ. ಅಗಿಯುವ ಹಲ್ಲಿಲ್ಲದೆ ಇಡಿಯಾಗಿ ನುಂಗುವ ಪ್ರಾಣಿಗೆ ಬಾಯಿ ಅಗಲಿಸುವಷ್ಟೇ ಊಟ. ಹಾಗಾಗಿ ಒಂದೇ ಜಾತಿಯೊಳಗೂ ತಾಯಿಯ ತಟ್ಟೆ ಬೇರೆ, ಮಕ್ಕಳ ತಟ್ಟೆ ಬೇರೆ.

1985ರಲ್ಲಿ ಪರಿಸರ ವಿಜ್ಞಾನಿ ಕ್ಯಾಥರೀನ್ ಟಾಫ್ಟ್ ಉಭಯಚರ, ಸರೀಸೃಪಗಳ ಬಗೆಗಿನ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿದಾಗ ಕಂಡದ್ದೂ ಇದೇ. ಬಹುತೇಕ ಪ್ರಾಣಿಗಳು ಮೊದಲು ಜಾಗ ಹಂಚಿಕೊಂಡರೆ, ಹಾವುಗಳು ಮೊದಲು ಊಟ ಹಂಚಿಕೊಳ್ಳುತ್ತವೆ. ಬೈಲಾ ಇಲ್ಲ, ಮಹಾಸಭೆ ಇಲ್ಲ. ಅದೇ ಬೀದಿಯಲ್ಲಿ ಎರಡು ಕಾರಿನ ಪಾರ್ಕಿಂಗ್ ಜಗಳ ಮೂರು ವರ್ಷದಿಂದ ಪೊಲೀಸ್ ಠಾಣೆಯಲ್ಲಿದೆ.

ಈ ವ್ಯವಸ್ಥೆಯೊಳಗೆ ಈಗ ಸಂರಕ್ಷಣೆ ಪ್ರವೇಶಿಸುತ್ತದೆ.

ಮೊದಲ ಹಂತ, ಗುರುತಿಸುವುದು. ಮೈಮೇಲೆ ಪಟ್ಟೆ ಕಂಡರೆ ಸಾಕು, ಗುಂಪಿನಲ್ಲಿ ಯಾರಾದರೊಬ್ಬರು ಕಡುವಿಷದ ಕಟ್ಟುಹಾವು ಎಂದು ತೀರ್ಪು ಕೊಟ್ಟಿರುತ್ತಾರೆ. ನಿಜವಾದ ಕಟ್ಟುಹಾವಿಗೆ ಬೆನ್ನಿನ ನಡುಸಾಲಿನ ಹುರುಪೆಗಳು ಅಗಲವಾಗಿ ಆರು ಮೂಲೆಯವಾಗಿರುತ್ತವೆ. ಬಿಳಿ ಗೆರೆಗಳು ಸಾಮಾನ್ಯವಾಗಿ ಕತ್ತಿನಿಂದ ಸಾಕಷ್ಟು ಹಿಂದೆ ಶುರುವಾಗಿ ಬಾಲದ ಕಡೆಗೆ ಸ್ಪಷ್ಟವಾಗುತ್ತವೆ. ತೋಳಹಾವಿನದು ಉಲ್ಟಾ. ಪಟ್ಟೆ ಕತ್ತಿನ ಬಳಿಯೇ ಎದ್ದು ಕಾಣುತ್ತದೆ, ಬಾಲಕ್ಕೆ ಹೋಗುತ್ತ ಮಾಸುತ್ತದೆ. ಇಷ್ಟು ನೋಡಲು ಟಾರ್ಚು, ನಾಲ್ಕು ಹೆಜ್ಜೆ ದೂರ ಮತ್ತು ಅರ್ಧ ನಿಮಿಷದ ಮೌನ ಬೇಕು. ಮೂರನೆಯದು ಬಡಾವಣೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ಹಲ್ಲಿ ತಿಂದುಕೊಂಡಿದ್ದ ವಿಷವಿಲ್ಲದ ಬಡಪಾಯಿ 30 ಕಿಲೋಮೀಟರ್ ದೂರದ, ಒಂದೂ ಟ್ಯೂಬ್‌ಲೈಟ್ ಇಲ್ಲದ ಗುಡ್ಡಕ್ಕೆ ಗಡೀಪಾರಾಗುತ್ತದೆ.

ಎರಡನೆಯದು ಸಾಗಾಟ. ಇಲಿ ನುಂಗಿ ಬಿದ್ದುಕೊಂಡಿದ್ದ ಹಾವನ್ನು ಎಳೆದಾಡಿದರೆ ನುಂಗಿದ್ದನ್ನು ಕಕ್ಕುತ್ತದೆ. ಹಲವು ದಿನ ಕಾದು ಗಿಟ್ಟಿಸಿದ ಊಟ ಅಲ್ಲಿಗೆ ಮಣ್ಣುಪಾಲು. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯೊಳಗೆ ಪ್ಲಾಸ್ಟಿಕ್ ಡಬ್ಬ 40 ಡಿಗ್ರಿ ದಾಟಲು ಹೆಚ್ಚು ಹೊತ್ತು ಬೇಡ, ಹಾವಿಗೆ ಅಲ್ಲಿಂದ ಮುಂದೆ ಬದುಕಿಲ್ಲ. ಇನ್ನು ಪೆಟ್ರೋಲ್ ಉಳಿಸಲು ಎರಡು ಕರೆಯ ಹಾವನ್ನು ಒಂದೇ ಡಬ್ಬಕ್ಕೆ ಹಾಕುವ ಜಾಣರಿದ್ದಾರೆ. ತೋಳಹಾವಿನ ಜೊತೆ ಕಟ್ಟುಹಾವನ್ನು ಹಾಕಿದರೆ, ಮುಚ್ಚಳ ತೆಗೆದಾಗ ಲೆಕ್ಕ ಒಂದಕ್ಕೆ ಇಳಿದಿರಬಹುದು. ಲೆಕ್ಕ ಇಳಿಯದಿದ್ದರೂ ಮೈಮೇಲಿನ ಉಣ್ಣಿಗಳ ವಿನಿಮಯವಂತೂ ಖಚಿತ.

ಮೂರನೆಯದೇ ಬಿಡುಗಡೆ ಸಮಾರಂಭ. ಜಾಗದ ಆಯ್ಕೆಗೆ ಒಂದೇ ಮಾನದಂಡ, ಕಾರು ತಿರುಗಿಸಲು ಅನುಕೂಲವಿರಬೇಕು. ಹೀಗಾಗಿ ಕಾಡಿನಂಚಿನ ಅದೇ ತಿರುವಿನಲ್ಲಿ ವರ್ಷವಿಡೀ ಊರಿನ ಹಾವುಗಳೆಲ್ಲ ಬಂದಿಳಿಯುತ್ತವೆ. ಮೀನು ತಿನ್ನುವ ನೀರೊಳ್ಳೆ ಒಣ ಕುರುಚಲಿಗೆ. ಚೇಳು, ಶತಪದಿ ತಿಂದು ಬಯಲುಸೀಮೆಯ ಕಲ್ಲಡಿಯಲ್ಲಿ ಬಾಳುವ ಗರಗಸ ಮಂಡಲ, ರಜೆಗೆ ಹೊರಟ ಯಾರದೋ ಪುಣ್ಯದಿಂದ ಮಲೆನಾಡಿನ ಜವುಗಿಗೆ. ಆ ತಿರುವಿನ ಬಿಲಗಳಲ್ಲಿ ಮೊದಲೇ ಬಾಡಿಗೆದಾರರಿದ್ದಾರೆ. ಇರುವೆ ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಳ್ಳುತ್ತದೆ ಎಂಬ ಗಾದೆ ನಮಗೆ ಬಾಯಿಪಾಠ. ಹುತ್ತವೊಂದಕ್ಕೆ ಎಷ್ಟು ಹಾವು ಎಂದು ಗಾದೆ ಹೇಳಿಲ್ಲವಲ್ಲ!

ಕೇರೆಯನ್ನು ಮಲೆನಾಡಿಗೆ ಒಯ್ದರಂತೂ ಅದು ಬಿಡುಗಡೆಯಲ್ಲ, ಹೋಮ್ ಡೆಲಿವರಿ. ಪಶ್ಚಿಮ ಘಟ್ಟದ ಕಾಳಿಂಗಕ್ಕೆ 2024ರಲ್ಲಿ ಕನ್ನಡದ ಹೆಸರೇ ವಿಜ್ಞಾನದ ಹೆಸರಾಯಿತು: ಓಫಿಯೊಫಾಗಸ್ ಕಾಳಿಂಗ. ಮೊದಲ ಪದದ ಅರ್ಥ ಹಾವು ತಿನ್ನುವುದು. ಅದರ ಮೆಚ್ಚಿನ ತಿನಿಸುಗಳಲ್ಲಿ ಕೇರೆಯೂ ಒಂದು. ಆ ಕಾಳಿಂಗನನ್ನೇ ಎತ್ತಿ ಬೇರೆ ಕಡೆ ಬಿಟ್ಟರೂ ಕಥೆ ಸುಗಮವಲ್ಲ. ಆಗುಂಬೆಯಲ್ಲಿ 2008ರಿಂದ ಕಾಳಿಂಗಗಳ ಮೈಯೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇರಿಸಿ ಹಿಂಬಾಲಿಸಿದ್ದಾರೆ. ತನ್ನ ಜಾಗದಲ್ಲಿದ್ದದ್ದು ಗೊತ್ತಿರುವ ತೊರೆ, ಪೊಟರೆಗಳ ನಡುವೆ ಓಡಾಡಿಕೊಂಡಿದ್ದರೆ, ಎತ್ತಿ ತಂದು ಬಿಟ್ಟದ್ದು ದಿಕ್ಕುದೆಸೆಯಿಲ್ಲದೆ ಅಲೆಯುತ್ತಿತ್ತು. ಅಲೆಯುವ ಹಾವು ರಸ್ತೆ ದಾಟುತ್ತದೆ, ಅಂಗಳ ಹೊಗುತ್ತದೆ, ಇನ್ನೊಂದು ಊರಿನ ಫೋನು ರಿಂಗಣಿಸುತ್ತದೆ.

ಹಿಡಿಯಲೇಬೇಕಾದರೆ ಮಾಡಬೇಕಾದದ್ದು ನೀರಸ ಕೆಲಸ. ಒಂದಕ್ಕೊಂದು ಬಟ್ಟೆಚೀಲ, ನೆರಳು, ಆದಷ್ಟು ಬೇಗ, ಸಿಕ್ಕ ಜಾಗದಿಂದ ಕೆಲವು ನೂರು ಮೀಟರಿನೊಳಗೆ ಅದೇ ಬಗೆಯ ಪೊದೆ ಅಥವಾ ಕಾಲುವೆಯ ಪಕ್ಕ, ಅದರದೇ ಪಾಳಿಯ ಹೊತ್ತಿಗೆ ಬಿಟ್ಟು ಬರುವುದು. ಕೇರೆಯನ್ನು ಹಿಡಿಯುವುದೇ ಬೇಡ. ಬಾಗಿಲಡಿಯ ಕಿರುಬೆರಳು ತೂರುವ ಸಂದಿಗೆ ರಬ್ಬರ್ ಪಟ್ಟಿ, ಬಚ್ಚಲ ಕಿಂಡಿಗೆ ಜಾಲರಿ, ಗೋಡೆಗೆ ಒರಗಿಸಿದ ಇಟ್ಟಿಗೆ ರಾಶಿಗೆ ವಿದಾಯ. ಇದರಲ್ಲಿ ಯಾವುದಕ್ಕೂ ಲೈಕ್ ಬರುವುದಿಲ್ಲ. ರಬ್ಬರ್ ಪಟ್ಟಿಯ ಜೊತೆ ಫೋಟೊ ತೆಗೆಸಿಕೊಂಡವರನ್ನು ಯಾರಾದರೂ ನೋಡಿದ್ದೀರಾ?

ಅಷ್ಟರಲ್ಲಿ ಬಡಾವಣೆಯಲ್ಲಿ ಸಂಭ್ರಮ. ಹಗಲು ಪಾಳಿಯ ಕೇರೆ ಡಿಕ್ಕಿ ಏರಿ ಹೋಯಿತು, ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಸಾಲು. ಹೋಟೆಲಿನ ಎಂಜಲು ಹೋಗಲಿಲ್ಲ, ಇಲಿ ಹೋಗಲಿಲ್ಲ, ಬಿಲವೂ ಅಲ್ಲೇ ಇದೆ. ಇಷ್ಟು ದಿನ ಕೇರೆಗೆ ಹೆದರಿ ಹಗಲು ಒಳಗೇ ಇರುತ್ತಿದ್ದ ಇಲಿಗಳು ಮಧ್ಯಾಹ್ನವೇ ತುಳಸಿಕಟ್ಟೆ ಸುತ್ತುತ್ತಿವೆ. ಮುಸ್ಸಂಜೆಯ ಪಾಳಿಯದು ಇಟ್ಟಿಗೆ ರಾಶಿಯಿಂದ ಇನ್ನೂ ಸ್ವಲ್ಪ ಈಚೆಗೆ, ಅಡುಗೆಮನೆಯ ಹಿಂಬಾಗಿಲ ಕಡೆಗೆ ಬಂದಿದೆ. ನಾಳೆಯ ಸುದ್ದಿಗೆ ಹೊಸದಾಗಿ ಟೈಪ್ ಮಾಡುವ ಶ್ರಮ ಬೇಡ. 'ಕೇರೆ' ಇದ್ದಲ್ಲಿ 'ನಾಗರ' ಎಂದು ತಿದ್ದಿದರಾಯಿತು.