ಕೈಗುಣದ ಉಪ್ಪು

ಉಪ್ಪು ತಯಾರಿಸಲು ಸಮುದ್ರವೇ ಬೇಕೆಂದಿಲ್ಲ, ಒಂದು ಆಮ್ಲವೂ ಒಂದು ಕ್ಷಾರವೂ ಇದ್ದರೆ ಸಾಕು ಎಂದು ವಿಜ್ಞಾನದ ಮೇಷ್ಟ್ರು ಹೇಳಿದ ದಿನ, ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿದ್ದ ಮಂಡ್ಯದ ಹುಡುಗರಾದ ನಮಗೆ ಹೇಳಲಾಗದಷ್ಟು ಹೆಮ್ಮೆಯಾಯಿತು. 1930ರಲ್ಲಿ ಗಾಂಧೀಜಿಯವರು ಒಂದು ಹಿಡಿ ಉಪ್ಪಿಗಾಗಿ ದಂಡಿಯವರೆಗೆ ನಡೆದದ್ದನ್ನು ಹಿಂದಿನ ಪಿರಿಯಡ್ಡಿನಲ್ಲಷ್ಟೇ ಓದಿದ್ದೆವು. ನಾವು ಬೆಂಚಿನಿಂದ ಪ್ರಯೋಗಶಾಲೆಯ ಮೇಜಿನವರೆಗೆ ನಡೆದರೆ ಸಾಕಾಗಿತ್ತು.

ವಿಧಾನ ಸರಳವಾಗಿತ್ತು. ಫ್ಲಾಸ್ಕಿನಲ್ಲಿ 20 ಮಿಲಿಲೀಟರ್ ಹೈಡ್ರೋಕ್ಲೋರಿಕ್ ಆಮ್ಲ, ಅದಕ್ಕೆ ಕ್ಷಾರ ಹೆಚ್ಚಾದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಎರಡು ಹನಿ, ಮೇಲೆ ನಲ್ಲಿಯಿರುವ ಅಳತೆಗೊಳವೆಯಾದ ಬ್ಯೂರೆಟ್ಟಿನಿಂದ ಹನಿಹನಿಯಾಗಿ ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಬಣ್ಣವಿಲ್ಲದ ದ್ರವ ತಿಳಿಗುಲಾಬಿಗೆ ತಿರುಗಿ ಹಾಗೆಯೇ ನಿಂತ ಕ್ಷಣದಲ್ಲಿ ನಲ್ಲಿಯನ್ನು ಮುಚ್ಚಿ, ಅಳತೆಯನ್ನು ಬರೆದುಕೊಳ್ಳಬೇಕು. ಆಮೇಲೆ ಅದೇ ಅಳತೆಯಲ್ಲಿ, ಬಣ್ಣದ ಸೂಚಕವಿಲ್ಲದೆ ಮತ್ತೊಮ್ಮೆ ಬೆರೆಸಿ, ಪಿಂಗಾಣಿ ಬಟ್ಟಲಿನಲ್ಲಿ ಕಾಯಿಸಿ ನೀರನ್ನು ಇಂಗಿಸಬೇಕು.

ತೊಂದರೆಯೆಲ್ಲ ಇದ್ದದ್ದು ಆ ಕೊನೆಯ ಹನಿಯಲ್ಲಿ. ನಾನು ಫ್ಲಾಸ್ಕನ್ನು ಅಲ್ಲಾಡಿಸುತ್ತ ಏಕಾಗ್ರಚಿತ್ತನಾಗಿ ನಿಂತಿದ್ದಾಗಲೇ ಕಿಟಕಿಯಾಚೆ ಕಬ್ಬು ತುಂಬಿದ ಲಾರಿಯೊಂದು ನಿಧಾನವಾಗಿ ಹಾದುಹೋಗಬೇಕೆ? ಹಿಂದಿನಿಂದ ಒಂದು ಜಲ್ಲೆ ಎಳೆದುಕೊಂಡ ಹುಡುಗ ಯಾವ ತರಗತಿಯವನೆಂದು ಗುರುತಿಸುವಷ್ಟರಲ್ಲಿ ಫ್ಲಾಸ್ಕಿನ ದ್ರವ ತಿಳಿಗುಲಾಬಿಯನ್ನು ದಾಟಿ ಮದುವೆ ಸೀರೆಯ ರಾಣಿ ಬಣ್ಣವನ್ನು ತಲುಪಿತ್ತು. ಮೇಷ್ಟ್ರು ನೋಡುವ ಮೊದಲೇ ಗುಟ್ಟಾಗಿ ಒಂದಿಷ್ಟು ಆಮ್ಲ ಸುರಿದೆ, ಬಣ್ಣ ಮಾಯವಾಯಿತು. ಎಷ್ಟು ಸುರಿದೆನೆಂಬ ಲೆಕ್ಕ ನನ್ನಲ್ಲಿರಲಿಲ್ಲ. ಬ್ಯೂರೆಟ್ಟು ಮಾತ್ರ 24 ಮಿಲಿಲೀಟರ್ ತೋರಿಸುತ್ತಿತ್ತು, ಅದನ್ನೇ ಬರೆದುಕೊಂಡೆ.

ಎರಡನೆಯ ಸುತ್ತಿನಲ್ಲಿ 24ನ್ನೇ ಶ್ರದ್ಧೆಯಿಂದ ಅಳೆದು ಬೆರೆಸಿ, ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುವವರೆಗೂ ಕಾಯಿಸಿದೆ. ನಮಗೆ ಕೊಟ್ಟಿದ್ದ ಒಂದು ಮೋಲಾರ್ ಸಾಂದ್ರತೆಯ ದ್ರಾವಣಗಳಿಂದ ಬರಬೇಕಾದ ಉಪ್ಪು ಸುಮಾರು 1.17 ಗ್ರಾಂ, ಅಂದರೆ ಒಂದು ಚೆಂಬು ಮಜ್ಜಿಗೆಗೂ ಸಾಲದಷ್ಟು. ನನ್ನ ಬಟ್ಟಲಿನಲ್ಲಿ ಅದಕ್ಕಿಂತ ಹೆಚ್ಚೇ ಇತ್ತು. ಅದನ್ನು ನನ್ನ ಕೈಗುಣವೆಂದು ತಿಳಿದೆ.

ಯಾರೂ ಬಾಯಿಗೆ ಹಾಕಿಕೊಳ್ಳಕೂಡದೆಂದು ಮೇಷ್ಟ್ರು ಗದರಿಸಿದ್ದರು, ಮನೆಗೆ ಒಯ್ಯಬಾರದೆಂದು ಹೇಳಿರಲಿಲ್ಲ. ಪುಣ್ಯಕ್ಕೆ ಪೊಟ್ಟಣವನ್ನು ಜೇಬಿಗೆ ಹಾಕದೆ ಜಾಮಿಟ್ರಿ ಬಾಕ್ಸಿನಲ್ಲಿಟ್ಟಿದ್ದೆ. ಮನೆ ಸೇರುವಷ್ಟರಲ್ಲಿ ಕಾಗದ ಒದ್ದೆಯಾಗಿ, ಮುಟ್ಟಿದ ಬೆರಳು ಸೋಪು ಹಚ್ಚಿದಂತೆ ಜಾರುತ್ತಿತ್ತು. ಗಾಳಿಯ ತೇವವನ್ನು ಹೀರಿಕೊಳ್ಳುವುದು ಕಾಸ್ಟಿಕ್ ಸೋಡಾದ ಚಾಳಿ ಎಂಬ ಪಾಠವನ್ನು ನಾವು ಆಗಲೇ ಮುಗಿಸಿದ್ದೆವು. ಆ ದಿನ ನಾನು ರಜೆಯಲ್ಲಿದ್ದೆನೆಂದು ಕಾಣುತ್ತದೆ.

ಅಜ್ಜಿ ಅರಿಶಿನ ಅರೆಯುತ್ತ ಕುಳಿತಿದ್ದಳು. ಮೊಮ್ಮಗ ಮಾಡಿದ ಉಪ್ಪೆಂದು ಅಕ್ಕರೆಯಿಂದ ಒಂದು ಚಿಟಿಕೆ ಎತ್ತಿಕೊಂಡಳು. ನೋಡನೋಡುತ್ತಿದ್ದಂತೆ ಅವಳ ಹಳದಿ ಬೆರಳು ಓಕುಳಿಯ ಕೆಂಪಾಯಿತು.

“ಇದ್ಯಾವ ಉಪ್ಪ್ಲಾ ಮಗ? ಸುಣ್ಣ ಬೆರ್ಸವ್ರೆ ಕಣ್ಲಾ!”

ಆರತಿಯ ಓಕುಳಿಗೆ ಅರಿಶಿನದ ನೀರಿನಲ್ಲಿ ಸುಣ್ಣ ಕಲಸಿ ಕೆಂಪು ಬರಿಸಿದವಳು ಬೇರೆ ಏನು ಹೇಳಿಯಾಳು? ಸುಣ್ಣವೂ ಕ್ಷಾರವೇ, ನನ್ನ ಪೊಟ್ಟಣದಲ್ಲಿ ಮಿಕ್ಕಿದ್ದದ್ದೂ ಕ್ಷಾರವೇ. ಫಿನಾಲ್ಫ್ತಲೀನ್ ಎಂಬ ಹೆಸರನ್ನು ಬಾಯಿಪಾಠ ಮಾಡಲು ನನಗೆ ಒಂದು ವಾರ ಹಿಡಿದಿತ್ತು. ಅರಿಶಿನಕ್ಕೆ ತೀರ್ಪು ಕೊಡಲು ಒಂದು ನಿಮಿಷವೂ ಬೇಕಾಗಲಿಲ್ಲ.

ಅಷ್ಟರಲ್ಲಿ ಆಲೆಮನೆಯಿಂದ ಬಂದ ಮಾವನಿಗೆ ಈ ವಿಷಯ ಹಬ್ಬದೂಟವಾಯಿತು. ಕಬ್ಬಿನ ಹಾಲಿನ ಹುಳಿ ಮುರಿಯಲು ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುವುದು ಅವನ ನಿತ್ಯದ ಕೆಲಸ; ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಅಳೆಯಲು ಅವನಲ್ಲಿದ್ದದ್ದು ಒಂದು ಸೊಟ್ಟ ಸೌಟು. “ಒಂದು ಬುಡ್ಡಿ ನೀರ್‍ಗೆ ಅಳತೆ ತಪ್ಪಿದ್ಯಲ್ಲೋ, ನಿನ್ನ ಕೊಪ್ಪರಿಗೆ ಮುಂದೆ ನಿಲ್ಸುದ್ರೆ ಊರೆಲ್ಲ ಕರೀ ಬೆಲ್ಲ ತಿನ್ಬೇಕಾಯ್ತದೆ,” ಎಂದು ಅವನು ಬಹಳ ಹೊತ್ತು ನಕ್ಕ.

ಅಜ್ಜಿ ಮಾತ್ರ ನಗದೆ, ಅರ್ಧ ಹೋಳು ನಿಂಬೆಹಣ್ಣನ್ನು ಬೆರಳಿಗೆ ಉಜ್ಜಿಕೊಂಡಳು. ಕೆಂಪು ಹೋಗಿ ಹಳದಿ ಮರಳಿತು. ಪೊಟ್ಟಣ ಬಚ್ಚಲು ಸೇರಿತು.

ಮರುದಿನ ರೆಕಾರ್ಡ್ ಪುಸ್ತಕದಲ್ಲಿ, ಪಕ್ಕದ ಹುಡುಗನದನ್ನು ನೋಡಿಕೊಂಡು, 20 ಮಿಲಿಲೀಟರ್ ಎಂದು ಬರೆದೆ. ಮೇಷ್ಟ್ರು ಸಹಿ ಹಾಕಿ, “ಎಲ್ಲಿ, ನಿನ್ನ ಉಪ್ಪು ತೋರಿಸು,” ಎಂದರು.

“ಅಜ್ಜಿ ಖರ್ಚು ಮಾಡಿಬಿಟ್ಟಳು ಸಾರ್,” ಎಂದೆ.