ಟ್ಯಾಕ್ಸ್ ಕಟ್ಟೋದು ನಾವು ಮಾತ್ರನಾ?

ಮೊನ್ನೆ ಮಂಡ್ಯದ ಗುತ್ತಲು ರಸ್ತೆಯಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಪರಿಚಯದವರೊಬ್ಬರು ಗೃಹಲಕ್ಷ್ಮಿಯ ಎರಡು ಸಾವಿರದ ಮಾತು ತೆಗೆದು, "ಟ್ಯಾಕ್ಸ್ ಕಟ್ಟೋದು ನಾವು, ಕೂತು ತಿನ್ನೋದು ಅವರು" ಅಂದರು. ನಾನು ಸುಮ್ನಿದ್ದೆ. ಸುಮ್ನಿದ್ದದ್ದು ತಪ್ಪು ಅಂತ ಅವತ್ತಿಂದ ಮನಸ್ಸು ಕೊರೆಯುತ್ತಿದೆ.

ನಮ್ಮ ಬೀದಿಯಲ್ಲಿ ಮೂರು ಮನೆಯ ಪಾತ್ರೆ ತೊಳೆಯುವ ಅಕ್ಕ ಒಬ್ಬರಿದ್ದಾರೆ. ತಿಂಗಳಿಗೆ ಒಂಬತ್ತು ಸಾವಿರ ಸಿಕ್ಕರೆ ಹೆಚ್ಚು. ಅವತ್ತೇ ಸಂಜೆ ಅಂಗಡಿಯಲ್ಲಿ ಮಗಳ ಫೋನಿಗೆ 299ರ ರೀಚಾರ್ಜ್ ಮಾಡಿಸುತ್ತಿದ್ದರು. ಸೆರಗಿನ ಗಂಟು ಬಿಚ್ಚಿ, ಹತ್ತು ಇಪ್ಪತ್ತರ ನೋಟುಗಳನ್ನು ಎರಡೆರಡು ಸಲ ಎಣಿಸಿ ಕೊಟ್ಟರು. ಆ 299ರಲ್ಲಿ ಸುಮಾರು 45 ರೂಪಾಯಿ ಜಿಎಸ್‌ಟಿ, ಶೇ 18ರ ಲೆಕ್ಕ. ನಾನೂ ಅದೇ ರೀಚಾರ್ಜ್ ಮಾಡಿಸುತ್ತೇನೆ, ಅದೇ 45 ಕಟ್ಟುತ್ತೇನೆ. ನನ್ನ ಸಂಬಳ ಅವರ ಆರು ಪಟ್ಟು. ನನಗೆ ಆ 45 ಹೋಗಿದ್ದೇ ಗೊತ್ತಾಗುವುದಿಲ್ಲ, ಅವರಿಗೆ ಅದು ಒಂದು ದಿನದ ತರಕಾರಿ. ಮೇಲಾಗಿ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ಸಂಬಳದವರೆಗೆ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ನಾನೂ ಅದನ್ನು ಕಟ್ಟುವುದಿಲ್ಲ. ಹಾಗಾದರೆ ಅಕ್ಕನಿಗೂ ನನಗೂ ಏನು ವ್ಯತ್ಯಾಸ?

ನಮ್ಮಂಥ ದೇಶಗಳಲ್ಲಿ ಹೆಚ್ಚಿನವರಿಗೆ ಸಂಬಳದ ಚೀಟಿಯೇ ಇರುವುದಿಲ್ಲ, ಅದಕ್ಕೆ ಸರ್ಕಾರಗಳು ಕೊಳ್ಳುವ ಸಾಮಾನಿನ ಮೇಲೆ ತೆರಿಗೆ ಹಾಕುತ್ತವೆ. ಅದು ಸುಲಭ. ಆದರೆ ಬಂದದ್ದೆಲ್ಲ ಖರ್ಚಾಗುವ ಮನೆಗೆ ಆ ಹೊರೆ ಜಾಸ್ತಿ, ಅರ್ಧ ಉಳಿಸುವವರಿಗೆ ಕಮ್ಮಿ. ಇನ್ನೊಂದು ಕಡೆ ನೋಡಿ. ಸತ್ತವರ ಆಸ್ತಿ ಮೇಲಿದ್ದ ತೆರಿಗೆ 1985ರಲ್ಲಿ ಹೋಯಿತು. ಸಂಪತ್ತಿನ ತೆರಿಗೆ 2015ರ ಬಜೆಟ್‌ನಲ್ಲಿ ಹೋಯಿತು. ಕಂಪನಿಗಳ ತೆರಿಗೆ 2019ರಲ್ಲಿ ಶೇ 30ರಿಂದ 22ಕ್ಕೆ ಇಳಿಯಿತು. 2022ರ ಜುಲೈನಲ್ಲಿ ಪ್ಯಾಕ್ ಮಾಡಿದ ಅಕ್ಕಿ, ಮೊಸರಿಗೆ ಶೇ 5 ಬಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸೋಪು, ಪೇಸ್ಟು, ಬಿಸ್ಕತ್ತಿನ ತೆರಿಗೆ 18ರಿಂದ 5ಕ್ಕೆ ಬಂತು, ಅದು ನಿಜಕ್ಕೂ ಒಳ್ಳೆಯ ಕೆಲಸ. ಇನ್ನೂ ಆಗಬೇಕು.

ಬೇರೆ ದೇಶಗಳು ದಾರಿ ಹುಡುಕಿವೆ. ದಕ್ಷಿಣ ಆಫ್ರಿಕಾದಲ್ಲಿ ಜೋಳದ ಹಿಟ್ಟು, ಕಂದು ಬ್ರೆಡ್ಡಿಗೆ ಮಾರಾಟ ತೆರಿಗೆ ಇಲ್ಲ. ಬ್ರೆಜಿಲ್ 2025ರ ಜನವರಿಯಲ್ಲಿ ಮಾಡಿದ ಕಾನೂನಿನ ಪ್ರಕಾರ ಬಡ ಕುಟುಂಬ ಕಟ್ಟಿದ ತೆರಿಗೆಯಲ್ಲಿ ಒಂದು ಪಾಲು ಅವರಿಗೇ ವಾಪಸ್ ಬರುತ್ತದೆ.

2023ರ ಆಗಸ್ಟ್‌ನಲ್ಲಿ ನಮ್ಮ ಪಕ್ಕದ ಮೈಸೂರಿನಲ್ಲೇ ಶುರುವಾದ ಗೃಹಲಕ್ಷ್ಮಿಯನ್ನೂ ನಾನು ಹಾಗೇ ನೋಡುತ್ತೇನೆ. ಅದು ದಾನ ಅಲ್ಲ, ಆ ಅಕ್ಕ ಅಂಗಡಿಯಲ್ಲಿ ಕಟ್ಟಿದ್ದರಲ್ಲಿ ಒಂದಿಷ್ಟು ಅವರ ಕೈಗೇ ಬಂದದ್ದು. ಟೀ ಅಂಗಡಿಯ ಆ ಸ್ನೇಹಿತರು ಭಾನುವಾರ ಮತ್ತೆ ಸಿಗುತ್ತಾರೆ. ಈ ಸಲ 299ರ ಲೆಕ್ಕ ಅವರ ಮುಂದೆ ಇಡುತ್ತೇನೆ.