ಅಂಜುದೀವ್ ದ್ವೀಪ ಬಿಟ್ಟು ಗೋವಾ ಕಥೆ ಹೇಳೋದು ಹೇಗೆ?

ವಸಾಹತುಗಳ ಸ್ವಾತಂತ್ರ್ಯದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ 1960ರ ವಿಶ್ವಸಂಸ್ಥೆ ಘೋಷಣೆಯಿಂದ ವಸಾಹತುಗಳಿಗೆಲ್ಲ ತಮ್ಮ ದಾರಿ ತಾವೇ ಆರಿಸಿಕೊಳ್ಳುವ ಹಕ್ಕು ಸಿಕ್ಕಿಬಿಟ್ಟಿತು ಅಂತ ಬರೆದಿದ್ದು ಸ್ವಲ್ಪ ಜಾಸ್ತಿ ಆಯ್ತು. ನಮ್ಮ ಕಾರವಾರದ ಪಕ್ಕದ ಗೋವಾವನ್ನೇ ನೋಡಿ. ಪೋರ್ಚುಗಲ್ 1951ರಲ್ಲೇ ಅದು ವಸಾಹತಲ್ಲ, ತನ್ನದೇ 'ಸಾಗರೋತ್ತರ ಪ್ರಾಂತ್ಯ' ಅಂತ ಬೋರ್ಡು ಬದಲಿಸಿ ಕೂತಿತ್ತು. ವಿಶ್ವಸಂಸ್ಥೆ ಅದನ್ನು ಒಪ್ಪಲಿಲ್ಲ, ಪೋರ್ಚುಗಲ್‌ನ ಸರ್ವಾಧಿಕಾರಿ ಸಲಜಾರ್ ಜಗ್ಗಲಿಲ್ಲ. ಕೊನೆಗೆ 1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆಯೇ ಹೋಗಬೇಕಾಯ್ತು.

ಕಾರವಾರದ ಹತ್ತಿರದ ಬಿಣಗಾ ಕಡೆಯಿಂದ ಕಾಣುವ ಅಂಜುದೀವ್ ದ್ವೀಪ ಆಗ ಪೋರ್ಚುಗೀಸರ ಕೈಲಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಅಲ್ಲಿಂದ ಸಾಬರಮತಿ ಅನ್ನೋ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದ್ದರು, ಮುಂದಿನ ತಿಂಗಳು 18ರಂದು ದ್ವೀಪ ಹಿಡಿಯಲು ಹೋದ ನಮ್ಮ ನೌಕಾಪಡೆಯ 7 ಜನ ಸತ್ತರು. ದ್ವೀಪ ಇರೋದು ನಮ್ಮ ದಡದ ಹತ್ತಿರ, ದಾಖಲೆಯಲ್ಲಿ ಇಂದಿಗೂ ಗೋವಾದ್ದು. ತಮಾಷೆ ಅಲ್ವಾ?

ಗೋವಾದ ಜನರನ್ನು ಕೇಳಿದ್ದು 1967ರಲ್ಲಿ. ಅದೂ ಎರಡೇ ಆಯ್ಕೆ: ಮಹಾರಾಷ್ಟ್ರಕ್ಕೆ ಸೇರ್ತೀರಾ, ಕೇಂದ್ರಾಡಳಿತದಲ್ಲೇ ಇರ್ತೀರಾ? ಇರ್ತೀವಿ ಅಂದರು. ರಾಜ್ಯದ ಪಟ್ಟ ಸಿಕ್ಕಿದ್ದು 1987ರಲ್ಲಿ. ಪೋರ್ಚುಗೀಸರು ಹೋಗಿದ್ದು ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಸುಮ್ನೆ ಘೋಷಣೆಯ ಖಾತೆಗೆ ಹಾಕಬೇಡಿ.